ಷರಾ

ಬಾಣಾವರ ಸ್ಟೇಷನ್ನಿನಿಂದ ಮೂರು ಮೈಲಿ,
ಕೆರೆಯ ಕೋಡಿ ದಾಟಿ ಬಲಕ್ಕೆ.
ಕಚೇರಿಯ ಕಾಗದದಲ್ಲಿ ಇಷ್ಟೇ:
‘ಇಟ್ಟಿಗೆ ಕಟ್ಟಡ, ಒಂದು. ಹಳೆಯದು.’
ಎಷ್ಟು ಹಳೆಯದು ಎಂದು ಬರೆಯಲು
ಕಾಲಂ ಇಲ್ಲ.

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಕಾವಲುಗಾರ ಈರಬೊಮ್ಮನ ಕೈಲಿ.
‘ಹಿಡಿದಿದೀನಿ ಮೇಡಂ’ ಅನ್ನುತ್ತಾನೆ,
ಹಿಡಿದಿರುವುದಿಲ್ಲ.
ಪಡಸಾಲೆ ಉದ್ದ ಮೂವತ್ತೆರಡು ಅಡಿ.
ಪಕ್ಕಕ್ಕೆ ಸರಿದು ಅಳೆದರೆ ಅಷ್ಟಿಲ್ಲ.
ಈ ಸಲ ತಪ್ಪು ಅವನದಲ್ಲ,
ಗೋಡೆಯೇ ನಾಲ್ಕು ಬೆರಳು ಓರೆ.

ದಪ್ಪ ಎರಡೂಕಾಲು ಅಡಿ.
ಒಂದಂತಸ್ತಿನ ಮನೆಗೆ ಯಾಕಪ್ಪ ಇಷ್ಟು?
ಗಿಲಾವು ಉದುರಿದಲ್ಲಿ ಬೆರಳಿಟ್ಟು ನೋಡಿದೆ:
ಒಂದು ಇಟ್ಟಿಗೆ ಬಾಳೆಹಣ್ಣಿನ ಹಾಗೆ ಬಾಗಿದೆ,
ಒಂದು ಗೂಡಿನ ಬೆಂಕಿಗೆ ತೀರಾ ಹತ್ತಿರ ಕೂತು
ತಳ ಹತ್ತಿದ ಪಾಕದಂತೆ ಕರ್ರಗೆ ಗಾಜುಗಟ್ಟಿದೆ,
ಒಂದು ಅರೆಬೆಂದದ್ದು, ಉಗುರಿಗೆ ಪುಡಿ ಬರುತ್ತದೆ.
ನಡುವೆ ಹೆಬ್ಬೆರಳು ಗಾತ್ರದ ಗಾರೆ,
ಜಗಳಗಂಟ ದಾಯಾದಿಗಳ ನಡುವೆ
ಕೂತ ಸೋದರತ್ತೆಯ ಹಾಗೆ.

ಟೀ ಹೀರುತ್ತ ಈರಬೊಮ್ಮ ಹೇಳಿದ:
ಅದು ರೈಲುದಾರಿ ಹಾಕುವ ಕಾಲ.
ಹಳ್ಳದ ಸೇತುವೆಗೆ ಇಟ್ಟಿಗೆ ಸುಡುವ ಗುತ್ತಿಗೆ
ಅಡಿವಪ್ಪ ಶೆಟ್ಟರದು.
ಕಂಪನಿಯ ದೊರೆ ಒಂದೊಂದನ್ನೂ
ಸುತ್ತಿಗೆಯಲ್ಲಿ ಬಡಿದು ಕಿವಿಗೊಡುತ್ತಿದ್ದನಂತೆ.
ಗಂಟೆಯ ದನಿ ಬಂದರೆ ಸೇತುವೆಗೆ,
ಬರದಿದ್ದರೆ ಸುಣ್ಣದ ಗೀಟೆಳೆದು ಆಚೆಗೆ.
ಆಚೆಗೆ ಬಿದ್ದದ್ದು ದಿಬ್ಬವಾಯಿತು.
ಕಂಪನಿ ಕಾಸು ಬಿಚ್ಚಲಿಲ್ಲ,
ಶೆಟ್ಟರಿಗೆ ಬಿಸಾಡಲು ಮನಸ್ಸು ಬರಲಿಲ್ಲ.
ಮೇಸ್ತ್ರಿ ಮೋದೀನ್ ಸಾಬಿ ದಿಬ್ಬಕ್ಕೆ ಒಂದು ಸುತ್ತು ಬಂದು
‘ಇದರೊಳಗೆ ಮನೆ ಇದೆ ಶೆಟ್ಟರೆ’ ಅಂದನಂತೆ.

ಅಂದನೋ ಇಲ್ಲವೋ.
ಈರಬೊಮ್ಮ ಹುಟ್ಟಿರಲಿಲ್ಲ, ಅವನಪ್ಪನೂ ಅನುಮಾನ.
ಆದರೆ ಗೋಡೆ ಆ ಮಾತನ್ನೇ ಆಡುತ್ತದೆ:
ಬಾಗಿದ್ದು ಕಮಾನಿಗೆ,
ಕರಕಲಾದದ್ದು ನೀರು ಕುಡಿಯದೆಂದು ಪಾಯಕ್ಕೆ,
ಅರೆಬೆಂದದ್ದು ಮಳೆ ಕಾಣದ ಒಳಗೋಡೆಗೆ.
ಚೂರೆಲ್ಲ ಕುಟ್ಟಿ ಸುರ್ಕಿ, ಸುಣ್ಣದ ಜೊತೆ ಗಾಣಕ್ಕೆ,
ಅಳಲೆಕಾಯಿ ನೆನೆಸಿದ ನೀರು, ಒಂದಿಷ್ಟು ಬೆಲ್ಲ
(ಗಾರೆಗೆ ಎಷ್ಟು, ಕೂಲಿಯವರ ಮಕ್ಕಳ ಬಾಯಿಗೆ ಎಷ್ಟು,
ಶೆಟ್ಟರಿಗೂ ಗೊತ್ತಿರಲಿಕ್ಕಿಲ್ಲ).
ತೇಗದ ಜಂತೆಗಳ ಮೇಲೆ
ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದ ತಾರಸಿ.
‘ಇವತ್ತಿಗೂ ಒಂದು ಹನಿ ಸೋರಿಲ್ಲ ಮೇಡಂ.’
ಒಂದು ಕಡೆ ಸೋರಿದೆ.
ಬರೆದುಕೊಂಡೆ.

ಮೆಟ್ಟಿಲ ಕೆಳಗಿನ ಕೋಣೆಗೆ ಗಿಲಾವೇ ಇಲ್ಲ.
ಟಾರ್ಚು ಬಿಟ್ಟರೆ ಇದ್ದಿಲಿನ ಗೀಟುಗಳು:
ನಾಲ್ಕು ನಿಂತವು, ಒಂದು ಅಡ್ಡ,
ಐದೈದರ ಕಟ್ಟು, ಸಾಲಿನ ಕೆಳಗೆ ಸಾಲು.
ಪಕ್ಕದಲ್ಲಿ ಹೆಸರಿಲ್ಲ, ಚಿತ್ರವಿದೆ:
ಒಂದು ಬಳೆ, ಒಂದು ಮೂರು ಕಾಲಿನ ಹಕ್ಕಿ, ಒಂದು ಬಾಚಣಿಗೆ.
ಹೊತ್ತ ಹೊರೆಯ ಲೆಕ್ಕವಿರಬೇಕು.
ಬಾಚಣಿಗೆಯವಳದು ಎಣಿಸಿದೆ,
ಇನ್ನೂರ ಅರವತ್ತೆರಡು.
ಕೊನೆಯ ಕಟ್ಟು ತುಂಬಿಲ್ಲ.
ಎರಡು ಗೀಟು, ಆಮೇಲೆ ಬರೀ ಇಟ್ಟಿಗೆ.
ಮದುವೆಯಾಗಿ ಹೋದಳೋ, ಪ್ಲೇಗು ಬಂತೋ,
ಬರೀ ಕೂಲಿ ಸಾಲದೆ ಜಗಳವಾಡಿ ಎದ್ದಳೋ.
ಮೂರನೆಯದು ನಿಜವಾಗಿರಲಿ ಅನ್ನಿಸಿತು.

ಸೇತುವೆ ಎಲ್ಲಿ, ತೋರಿಸು ಅಂದೆ.
‘ಬ್ರಾಡ್‌ಗೇಜು ಬಂದಾಗಲೇ ಒಡೆದರಲ್ಲ.
ಏನು ಇಟ್ಟಿಗೆ ಅಂತೀರಿ, ಒಂದಕ್ಕೂ ಮುಕ್ಕಿಲ್ಲ.
ಟ್ರಾಕ್ಟರಿಗೆ ಇಷ್ಟು ಅಂತ ಹೋಯ್ತು,
ನಮ್ಮ ಬಚ್ಚಲೂ ಅದರದೇ.’

ಸಂಜೆ, ಕಟ್ಟೆಯ ಮೇಲೆ ನಮೂನೆ ಬಿಚ್ಚಿದೆ.
ಉದ್ದ, ಅಗಲ, ಎತ್ತರ ತುಂಬಿದ್ದಾಯಿತು.
ಷರಾ ಕಾಲಮಿಗೆ ಆಫೀಸಿನ ವಾಡಿಕೆಯ ಮಾತೊಂದಿದೆ,
‘ಕೆಡವಲು ಯೋಗ್ಯ.’
ಯೋಗ್ಯತೆ ಹುಡುಕಿ ಹುಡುಕಿ
ನಮ್ಮವರು ಕೊಡುವುದು ಅದಕ್ಕೊಂದಕ್ಕೇ.
ನಕ್ಷೆಯಲ್ಲಿ ಗೋಡೆಯನ್ನು ನೆಟ್ಟಗೆ ಎಳೆಯುವುದೂ ವಾಡಿಕೆ.
ನಾನು ನಾಲ್ಕು ಬೆರಳು ಓರೆಯಾಗಿಯೇ ಎಳೆದೆ.
ಷರಾ ಹಾಗೇ ಬಿಟ್ಟೆ,

ಬ್ಯಾಗಿನಿಂದ ಸುತ್ತಿಗೆ ತೆಗೆದು
ಕಮಾನಿನ ಬುಡಕ್ಕೆ ಮೆಲ್ಲಗೆ ಬಡಿದೆ.
ಗಂಟೆಯಿಲ್ಲ, ಗಿಂಟೆಯಿಲ್ಲ. ದಪ್, ಅಷ್ಟೆ,
ಮಲಗಿದವರ ಬೆನ್ನು ತಟ್ಟಿದ ಹಾಗೆ.

ಒಳಗಿನಿಂದ ಈರಬೊಮ್ಮ
‘ಯಾರದು?’ ಅಂದ.